ಲೈಪ್‌ಜಿಗ್‌ಗೆ ಒಯ್ದ ಲೋಡ್ ಶೆಡ್ಡಿಂಗ್

ಕುಮಾರಸ್ವಾಮಿ ಲೇಔಟ್, ಹೊರಡುವ ದಿನ

ಹಾಲಿನವನಿಗೆ ಮುಂದಿನ ವಾರದ ತನಕ ಬೇಡವೆಂದು ಹೇಳಿದೆ. ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲು ತೆರೆದಿಟ್ಟೆ. ಉಳಿದಿದ್ದ ಸೌತೆಕಾಯಿ, ಕೊತ್ತಂಬರಿ ಸೊಪ್ಪು ಎದುರುಮನೆ ಪದ್ಮಾ ಅವರ ಪಾಲಾಯಿತು. ದೇವರ ಪಟದ ಹೂ ತೆಗೆದೆ. ಗ್ಯಾಸ್ ಬಂದ್ ಮಾಡಿದ್ದನ್ನು ಎರಡು ಸಲ ನೋಡಿದೆ. ಚಕ್ಕುಲಿ ಡಬ್ಬಿಗಳಿಗೆ ಟೇಪ್ ಸುತ್ತಿದೆ. ಕಂಪ್ಯೂಟರಿಗೆ ಹೊದಿಸುವ ಹೂವಿನ ಬಟ್ಟೆಯನ್ನು ಮಡಿಸಿ ಬೀರುವಿನಲ್ಲಿಟ್ಟೆ. ನಾವಿಲ್ಲದಾಗಲೂ ಅದು ಓಡುತ್ತಿರಬೇಕಿತ್ತು. ಕೊನೆಯಲ್ಲಿ ಇಂಟರ್‌ನೆಟ್ಟಿನಲ್ಲಿ ನಮ್ಮ ಗುಂಪಿನವರು ಸೇರುವ ಚಾಟ್‌ಗೆ ಹೋಗಿ, ‘ನಾಳೆ ನಮ್ಮ ಕಡೆ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ, ನನ್ನ ಯಂತ್ರ ಸಿಗದಿದ್ದರೆ ಗಾಬರಿಯಾಗಬೇಡಿ’ ಎಂದು ಬರೆದೆ. ಮೂರು ವರ್ಷದಿಂದ ಹೀಗೆ ಬರೆಯುತ್ತಲೇ ಬಂದಿದ್ದೆ. ಊರಿಗೆ ಹೊರಟರೆ ಪಕ್ಕದ ಮನೆಗೆ ಹೇಳಿಹೋಗುವುದಿಲ್ಲವೇ, ಅದೇ ಮರ್ಯಾದೆ.

ಈ ಗುಂಪಿನ ಕೆಲಸ ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಎಕ್ಸ್‌ಚೇಂಜಿನ ಸಾಫ್ಟ್‌ವೇರ್ ಬರೆಯುತ್ತಿದ್ದವಳು ನಾನು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಮಧ್ಯಾಹ್ನಗಳು ಉದ್ದವಾದವು. ಹಾಗೆ ಹುಡುಕಾಡುತ್ತ ಈ ಗುಂಪು ಸಿಕ್ಕಿತು. ಯಾರು ಯಾರಿಗೆ ಏನು ಕಳಿಸಿದರೆಂದು ಯಾರಿಗೂ ತಿಳಿಯದಂಥ ಒಂದು ಜಾಲವನ್ನು ಇವರು ಕಟ್ಟುತ್ತಿದ್ದರು. ನಮ್ಮ ಬೀದಿಯಲ್ಲಿ ಕಾಂಪೌಂಡ್ ಗೋಡೆಯ ಮೇಲಿಂದ ಪಾಯಸದ ಡಬ್ಬಿ ದಾಟಿಸುತ್ತೇವಲ್ಲ, ಹಾಗೆಂದುಕೊಳ್ಳಿ. ನಾನು ಪಕ್ಕದವರಿಗೆ ಕೊಟ್ಟೆ, ಅವರು ಅವರ ಪಕ್ಕದವರಿಗೆ ಕೊಟ್ಟರು. ಮುಚ್ಚಳ ಭದ್ರ. ನಡುವಿನವರಿಗೆ ತಮ್ಮ ಎಡಗಡೆಯವರು, ಬಲಗಡೆಯವರು ಮಾತ್ರ ಗೊತ್ತು. ಡಬ್ಬಿ ಎಲ್ಲಿ ಹೊರಟಿತು, ಎಲ್ಲಿಗೆ ಮುಟ್ಟಿತು, ಗೊತ್ತಿಲ್ಲ. ಹೀಗೆ ಕೈಯಿಂದ ಕೈಗೆ ದಾಟಿಸುವ ಸಾಫ್ಟ್‌ವೇರಿಗೆ ರೌಟರ್ ಎಂದು ಹೆಸರು. ಜಾಲ ಸೇರಿದವರ ಕಂಪ್ಯೂಟರಿನಲ್ಲೆಲ್ಲ ಒಂದೊಂದು ಓಡುತ್ತಿರುತ್ತದೆ.

ಇದರಲ್ಲಿ ನನಗೊಂದು ಸಂಕಟವಿತ್ತು. ಯಾವ ರೌಟರ್ ಕಾಣೆಯಾಗುತ್ತದೋ ಅದನ್ನು ಉಳಿದವು ಮರೆತುಬಿಡುತ್ತವೆ. ವಾಪಸ್ ಬಂದರೆ ಮತ್ತೆ ಅಪರಿಚಿತ. ನಂಬಿಕೆ ಗಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಮ್ಮಂಥವರ ಮನೆಯಲ್ಲಿ ಕರೆಂಟ್ ಮತ್ತೆ ಹೋಗಿರುತ್ತದೆ. ಯಾವ ದೇಶದವರೋ ತಿಳಿಯದು, ಒಬ್ಬರು ಬರೆದಿದ್ದರು: ‘ನಮ್ಮೂರಲ್ಲಿ ಈ ಜಾಲ ಬಿಟ್ಟು ಬೇರೆಲ್ಲೂ ಬಾಯಿ ಬಿಡುವಂತಿಲ್ಲ. ಆದರೆ ಇದು ನನ್ನನ್ನು ಒಳಗೆ ಬಿಟ್ಟುಕೊಳ್ಳುವಷ್ಟರಲ್ಲಿ ಕತ್ತಲಾಗುತ್ತದೆ.’ ನೋಡುತ್ತೇನೆ ಎಂದು ಉತ್ತರ ಬರೆದು, ಆರು ತಿಂಗಳು ಕೂತು ಒಂದು ತಿದ್ದುಪಡಿ ಮಾಡಿದೆ. ಕಾಣೆಯಾದವರನ್ನು ಹೊರಗೆ ಹಾಕದೆ ಅಟ್ಟದ ಮೇಲಿಡುವುದು, ಬಂದ ಕೂಡಲೇ ಇಳಿಸಿಕೊಂಡು ಹಳೆಯ ಜಾಗ ಕೊಡುವುದು. ಅದನ್ನು ಹೊಸ ಆವೃತ್ತಿಗೆ ಸೇರಿಸಬೇಕೋ ಬಿಸಾಡಬೇಕೋ ಎಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೀರ್ಮಾನ. ಮೂರು ವರ್ಷ ಮುಖ ನೋಡದೆ ಕೆಲಸ ಮಾಡಿದವರು ಮೊದಲ ಸಲ ಸೇರುತ್ತಿದ್ದೆವು.

“ಅಷ್ಟು ದೂರ ಹೋಗಿ ಬೇಡ ಅಂದ್ಬಿಟ್ರೆ?” ಎಂದರು ನಮ್ಮವರು, ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತ.

“ಚಕ್ಕುಲಿ ಕೊಟ್ಟು ಬರೋಣ ಬನ್ನಿ.”

ಫ್ರಾಂಕ್‌ಫರ್ಟ್

ಗುಂಪಿನಲ್ಲಿ ನನ್ನ ಹೆಸರು ಟ್ಯೂಸ್‌ಡೇ. ಸೇರಿದ್ದು ಮಂಗಳವಾರ, ಅಷ್ಟೇ. ನಮಗೆ ಮನೆ ಕೊಡುವವಳು ಲ್ಯಾಂಟರ್ನ್. ನಿಜವಾದ ಹೆಸರು ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ವೀಸಾಕ್ಕೆ ಆಹ್ವಾನದ ಕಾಗದ ಬೇಕು, ಅದರಲ್ಲಿ ಅವಳ ಅಸಲಿ ಹೆಸರಿರಲೇಬೇಕು. ಅದು ನನ್ನ ಕಣ್ಣಿಗೆ ಬೀಳಬಾರದೆಂದು ಅರ್ಜಿಯನ್ನೆಲ್ಲ ನಮ್ಮವರ ಕೈಲೇ ತುಂಬಿಸಿದ್ದೆ.

ಇಮಿಗ್ರೇಷನ್ ಕಿಟಕಿಯಲ್ಲಿ ಮೀಸೆಯ ಅಧಿಕಾರಿ ಕೇಳಿದ:

“ಯಾರ ಮನೆಗೆ ಹೋಗುತ್ತೀರಿ?”

“ಗೆಳತಿ ಮನೆಗೆ.”

“ಹೆಸರು?”

“ಗೊತ್ತಿಲ್ಲ.”

ಅವನು ಪೆನ್ನು ಕೆಳಗಿಟ್ಟ. “ಎಷ್ಟು ದಿನದ ಗೆಳೆತನ?”

“ಮೂರು ವರ್ಷದ್ದು.”

ಬೆನ್ನ ಹಿಂದಿನ ಸಾಲಿನಿಂದ ನಮ್ಮವರು, “ಅಯ್ಯೋ ಇವಳೇ, ನಾನ್ ಹೇಳ್ತೀನಿ ತಡಿ!” ಎಂದು ಮುನ್ನುಗ್ಗಿ, ಕಾಗದ ಬಿಡಿಸಿ, ಲ್ಯಾಂಟರ್ನ್‌ಳ ಹೆಸರನ್ನು ಇಡೀ ಸಾಲಿಗೆ ಕೇಳುವಂತೆ ಓದತೊಡಗಿದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅಧಿಕಾರಿ ನನ್ನನ್ನು ನೋಡಿದ, ಅವರನ್ನು ನೋಡಿದ. ನನಗೆ ತಲೆ ಸರಿಯಿಲ್ಲ, ಜೊತೆಗೆ ಒಬ್ಬ ಜವಾಬ್ದಾರಿಯ ಗಂಡಸು ಇದ್ದಾನೆ ಎಂದು ಲೆಕ್ಕ ಹಾಕಿರಬೇಕು. ಠಸ್ಸೆ ಒತ್ತಿದ.

“ಬ್ಯಾಂಕ್‌ನಲ್ಲಿ ಇಷ್ಟು ವರ್ಷ ಇದ್ದೆ, ಇಷ್ಟ್ ಮಾನ ಹೋಗಿರ್ಲಿಲ್ಲ,” ಎಂದರು ರೈಲಿನಲ್ಲಿ. ಆ ರೈಲಿನ ನಿಶ್ಶಬ್ದವನ್ನು ಕೆಡಿಸಿದ್ದು ನಾವಿಬ್ಬರೇ. ಎದುರಿಗೆ ಕೂತ ಹೆಂಗಸು ಬ್ರೆಡ್ ತಿಂದಳು, ತಾನೊಬ್ಬಳೇ. ಬೇಕೇ ಎಂದು ನಮ್ಮನ್ನು ಕೇಳಲಿಲ್ಲ. ನಾನು ಚಕ್ಕುಲಿ ಡಬ್ಬಿ ಚಾಚಿದಾಗ ಬೆಚ್ಚಿಬಿದ್ದಳು. ಆಮೇಲೆ ಒಂದನ್ನು ತೆಗೆದು, ಮುರಿದು, ಮೂಸಿ, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ತಿಂದಳೋ ಇಲ್ಲವೋ ದೇವರೇ ಬಲ್ಲ.

ಲೈಪ್‌ಜಿಗ್, ಲ್ಯಾಂಟರ್ನ್ ಮನೆ

ಲ್ಯಾಂಟರ್ನ್ ಎಂದರೆ ಗಟ್ಟಿಮುಟ್ಟಾದ ಮುದುಕಿಯಿರಬಹುದು ಎಂದುಕೊಂಡಿದ್ದೆ, ಅಷ್ಟು ತಾಳ್ಮೆಯಿಂದ ಬರೆಯುತ್ತಿದ್ದಳು. ಬಾಗಿಲು ತೆಗೆದವಳು ಮೂವತ್ತರ ಒಳಗಿನ, ಬಾಗಿಲಿನಷ್ಟೇ ಎತ್ತರದ ಹುಡುಗಿ. ಅವಳ ಹಿಂದೆ ಸಣಕಲು ದೇಹದ, ಕನ್ನಡಕದ ನಡುವಯಸ್ಸಿನವನೊಬ್ಬ ಕೈ ಕಟ್ಟಿ ನಿಂತಿದ್ದ. ಅವನೇ ನೆಟಲ್. ನೆಟಲ್ ಎಂದರೆ ಮುಟ್ಟಿದರೆ ತುರಿಸುವ ಸೊಪ್ಪು. ಜಾಲದಲ್ಲಿ ತೂತು ಹುಡುಕುವುದೇ ಅವನ ಕೆಲಸ. ನನ್ನ ತಿದ್ದುಪಡಿಗೆ ‘ಬೇಡ’ ಎಂದವನು ಅವನೊಬ್ಬನೇ, ಆದರೆ ಅವನು ಒಪ್ಪದೆ ಏನೂ ಒಳಗೆ ಹೋಗುವಂತಿರಲಿಲ್ಲ. ಉಳಿದವರು ಬರುವುದು ವಾರದ ಕೊನೆಗೆ. ಅಷ್ಟರೊಳಗೆ ಇದು ಇತ್ಯರ್ಥವಾಗಬೇಕಿತ್ತು.

ನಮ್ಮ ಬೀದಿಗೆ ಹೊಸಬರು ಬಂದರೆ ಹೆಸರು, ಊರು, ಮಕ್ಕಳು, ಕೆಲಸ, ಬಾಡಿಗೆಯೋ ಸ್ವಂತವೋ ಎಲ್ಲ ಗೇಟಿನಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಅದೊಂದನ್ನೂ ಕೇಳುವ ಹಾಗಿಲ್ಲ. ನಾಲಗೆ ತುದಿಗೆ ಬಂದದ್ದನ್ನೆಲ್ಲ ನುಂಗಿ, “ಟ್ರಾಮ್ ಚೆನ್ನಾಗಿದೆ” ಎಂದೆ.

“ಇವರು?” ಎಂದಳು ಲ್ಯಾಂಟರ್ನ್, ನಮ್ಮವರನ್ನು ತೋರಿಸಿ.

“ನಮ್ಮೆಜಮಾನ್ರು.”

“ಅವರನ್ನು ಏನೆಂದು ಕರೆಯಲಿ?”

“ನಾನೂ ಹೆಸರು ಹಿಡಿದು ಕರೆದವಳಲ್ಲ. ರೀ ಅನ್ನುತ್ತೇನೆ.”

“ನಿಮ್ಮನ್ನು ಅವರು?”

“ಇವಳೇ ಅಂತಾರೆ.”

ಲ್ಯಾಂಟರ್ನ್ ನೆಟಲ್ ಕಡೆ ತಿರುಗಿ, ಇವರು ಮನೆಯೊಳಗೂ ಹೆಸರು ಬಿಟ್ಟುಕೊಡುವುದಿಲ್ಲ, ಕಲಿ ಎಂದಳು. ಅಂದಿನಿಂದ ಆ ಮನೆಯಲ್ಲಿ ನಮ್ಮವರು ‘ಮಿಸ್ಟರ್ ರೀ’ ಆದರು. ಅವರಿಗೂ ಖುಷಿಯಾಯಿತೆಂದು ಕಾಣುತ್ತದೆ. ಕರೆದಾಗಲೆಲ್ಲ “ಯೆಸ್, ಯೆಸ್” ಎಂದು ಎದ್ದು ಹೋಗುತ್ತಿದ್ದರು.

ಮೇನ್ ಸ್ವಿಚ್

ಹಜಾರದ ತುಂಬ ಹಳೆಯ ಕಂಪ್ಯೂಟರುಗಳನ್ನು ಜೋಡಿಸಿಟ್ಟಿದ್ದರು, ಒಂದು ಪುಟ್ಟ ಪರೀಕ್ಷೆಯ ಜಾಲ. ಅರ್ಧಕ್ಕೆ ನನ್ನ ತಿದ್ದುಪಡಿ ಹಾಕಿದ್ದರು, ಅರ್ಧಕ್ಕೆ ಹಳೆಯ ಸಾಫ್ಟ್‌ವೇರ್. ಮರುದಿನ ಬೆಳಿಗ್ಗೆ ನೆಟಲ್ ಒಂದೊಂದಾಗಿ ಮೆನುವಿನಿಂದ ಅಚ್ಚುಕಟ್ಟಾಗಿ ಶಟ್‌ಡೌನ್ ಮಾಡಿ, ಮತ್ತೆ ಶುರುಮಾಡಿ ನೋಡುತ್ತಿದ್ದ.

“ಕರೆಂಟ್ ಹೀಗೆ ಹೋಗಲ್ಲಪ್ಪ,” ಎಂದೆ. “ಹೇಳಿ ಕೇಳಿ, ನಮಸ್ಕಾರ ಮಾಡಿ ಹೋಗತ್ತಾ? ಮೇನ್ ಸ್ವಿಚ್ ಆಫ್ ಮಾಡಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಲ್ಯಾಂಟರ್ನ್ ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಮೇನ್ ಸ್ವಿಚ್ ಎಲ್ಲಿದೆ ಎಂದು ನೋಡಿಯೇ ಇರಲಿಲ್ಲ. ಒಂದು ಸಲವೂ ಕರೆಂಟ್ ಹೋಗಿಲ್ಲವಂತೆ! ನಮ್ಮಲ್ಲಿ ಐದು ವರ್ಷದ ಮಗುವೂ ಕತ್ತಲಲ್ಲಿ ಫ್ಯೂಸ್ ಡಬ್ಬಿಯ ತನಕ ತಡವರಿಸಿಕೊಂಡು ಹೋಗುತ್ತದೆ. ನಮ್ಮವರು ಮೆಟ್ಟಿಲಿನ ಬಳಿ ಗೋಡೆ ಕಪಾಟು ತೆಗೆದು, “ಇಲ್ಲಿದೆ ಕಣೇ” ಎಂದು, ಯಾರಾದರೂ ಬೇಡ ಎನ್ನುವ ಮೊದಲೇ ದೊಡ್ಡ ಹಿಡಿಯನ್ನು ಕೆಳಗೆಳೆದರು.

ಫ್ಯಾನುಗಳ ಸದ್ದು ನಿಂತಿತು. ಮನೆ ನಮ್ಮ ಮನೆಯಂತಾಯಿತು. ನನಗೆ ನಿಜಕ್ಕೂ ಹಾಯೆನಿಸಿತು, ಸುಳ್ಳು ಹೇಳಲಾರೆ.

ಅಷ್ಟರಲ್ಲಿ ಕೆಳಗಿನ ಮನೆಯಿಂದ ಜರ್ಮನ್ ಭಾಷೆಯಲ್ಲಿ ಒಂದು ದೊಡ್ಡ ಕೂಗು. ಅದು ಇಡೀ ಕಟ್ಟಡದ ಸ್ವಿಚ್ಚು. ಕೆಳಮನೆಯ ಅಜ್ಜಿ ಓವನ್ನಿನಲ್ಲಿ ಕೇಕ್ ಇಟ್ಟಿದ್ದರು. ಏಪ್ರನ್ ಕಟ್ಟಿಕೊಂಡೇ ಮೇಲೆ ಬಂದರು, ನಡುವೆ ಕುಸಿದ ಕೇಕನ್ನು ಸಾಕ್ಷಿಗೆ ಹಿಡಿದುಕೊಂಡು. ಲ್ಯಾಂಟರ್ನ್ ಕೆಂಪಾಗಿ ಏನೇನೋ ಹೇಳುತ್ತಿದ್ದಳು. ನಾನು ಚಕ್ಕುಲಿ ಡಬ್ಬಿ ತೆಗೆದು ಅವರ ಕೈಗಿತ್ತೆ. ಬೇರೇನು ಮಾಡುವುದು?

ಅವರು ಒಂದು ಚಕ್ಕುಲಿ ಕಡಿದರು. ಕಟಕಟ ಎಂದಿತು. ಮುಖ ಸಡಿಲವಾಯಿತು. ಕುಸಿದ ಕೇಕನ್ನು ಅಲ್ಲೇ ಕತ್ತರಿಸಿ ನಮ್ಮ ಮುಂದಿಟ್ಟರು.

“ರೀ, ಮೊಟ್ಟೆ ಹಾಕಿರ್ತಾರೆ,” ಎಂದೆ ಪಿಸುದನಿಯಲ್ಲಿ.

“ಕುಸಿದ್ ಹೋಗಿದೆಯಲ್ಲ, ಮೊಟ್ಟೆ ಕೆಲಸ ಮಾಡಿಲ್ಲ ಬಿಡು,” ಎಂದು ಎರಡು ತುಂಡು ತಿಂದರು. ನಾನು ಸುತ್ತಲಿನ ಒಣದ್ರಾಕ್ಷಿಗಳನ್ನು ಆರಿಸಿಕೊಂಡು ತಿಂದೆ.

ಅಜ್ಜಿಯ ಒಪ್ಪಿಗೆ ಕೇಳಿ ಕೇಳಿ ಆ ದಿನ ಇನ್ನೂ ಹಲವು ಸಲ ಕರೆಂಟ್ ತೆಗೆದೆವು. ಪ್ರತಿ ಸಲವೂ ಹಳೆಯ ಸಾಫ್ಟ್‌ವೇರಿನ ಯಂತ್ರಗಳು ಎದ್ದು ಬಾಗಿಲಲ್ಲಿ ಕಾಯುತ್ತ ನಿಂತವು. ನನ್ನವು ಎದ್ದ ಕೂಡಲೇ ಒಳಗಿದ್ದವು. ಲ್ಯಾಂಟರ್ನ್ ನನ್ನ ಹೆಗಲು ತಟ್ಟಿದಳು. ನೆಟಲ್ ಮಾತ್ರ ಕನ್ನಡಕ ಒರೆಸುತ್ತ ಕೂತಿದ್ದ.

ನೆಟಲ್ ಹೇಳಿದ್ದು

ಟೀ ಆದ ಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದ. “ಕೆಲಸ ಚೆನ್ನಾಗಿದೆ. ನನ್ನ ತಕರಾರು ಅದಲ್ಲ,” ಎಂದ. “ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲವಲ್ಲ?”

“ಹೇಳಿ.”

“ನಿಮ್ಮ ಮನೆ ಕುಮಾರಸ್ವಾಮಿ ಲೇಔಟ್. ತಪ್ಪಿದರೆ ಚಿಕ್ಕಲಸಂದ್ರ.”

ಅವನ ಬಾಯಲ್ಲಿ ಆ ಹೆಸರುಗಳು ಸೊಟ್ಟಪಟ್ಟಾಗಿ ಬಂದವು. ನಾನು ಲೋಟ ಕೆಳಗಿಟ್ಟೆ.

“ಯಾರು ಹೇಳಿದ್ರು?”

“ನೀವೇ. ‘ನಾಳೆ ಕರೆಂಟ್ ಇರುವುದಿಲ್ಲ’ ಎಂದು ಮೂರು ವರ್ಷದಿಂದ ಬರೆಯುತ್ತಿದ್ದೀರಿ. ಯಾವ ಬಡಾವಣೆಗೆ ಯಾವ ದಿನ ಇಲ್ಲವೆಂದು ನಿಮ್ಮೂರಿನ ಪತ್ರಿಕೆಗಳು ಮೊದಲೇ ಪ್ರಕಟಿಸುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಪ್ರತಿ ಸಲ ಒಂದಷ್ಟು ಬಡಾವಣೆ ಹೊರಗೆ ಬಿದ್ದವು. ಕೊನೆಗೆ ಎರಡು ಉಳಿದವು.” ನನ್ನ ಮುಖ ನೋಡಿ ದನಿ ತಗ್ಗಿಸಿದ. “ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನಿಮ್ಮ ತಿದ್ದುಪಡಿ ಬಂದರೆ ನೀವು ಬರೆಯುವುದೂ ಬೇಕಿಲ್ಲ. ನಿಮ್ಮ ಯಂತ್ರ ಯಾವಾಗ ಹೋಯಿತು, ಯಾವಾಗ ಬಂತು ಎಂದು ದೂರದಿಂದ ನೋಡುತ್ತಿದ್ದರೆ ಸಾಕು. ಈಗಿನ ಜಾಲ ಹೋದವರನ್ನು ಮರೆತುಬಿಡುತ್ತದೆ, ವಾಪಸ್ ಬಂದವರು ಹೊಸಬರು. ನಿಮ್ಮ ತಿದ್ದುಪಡಿಯಲ್ಲಿ ಹೋದವರೇ ಬಂದರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಆ ಕತ್ತಲೆಯ ಊರಿನವನು ನಿಮಗೆ ಬರೆದಿದ್ದನಲ್ಲ, ಅವನನ್ನೂ ಹೀಗೇ ಹುಡುಕಬಹುದು.”

ನನ್ನ ವಿಳಾಸ ತಿಳಿದರೆ ಆಗುವುದೇನು, ಯಾರಾದರೂ ಕಾಫಿಗೆ ಬಂದಾರು. ಬಾಯಿ ಬಿಡುವಂತಿಲ್ಲದ ಊರಿನವನ ವಿಷಯ ಹಾಗಲ್ಲ. ಒಳಗೆ ಬರಲೆಂದು ನಾನು ತೆರೆದ ಬಾಗಿಲಿನಿಂದಲೇ ಅವನನ್ನು ಹಿಡಿದುಕೊಡುತ್ತಿದ್ದೆ. ತಿದ್ದುಪಡಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ನೆಟಲ್ ನಾಳೆ ಸಂಜೆಯವರೆಗೆ ಯೋಚಿಸಿ ಎಂದ. ಅಂದು ಲ್ಯಾಂಟರ್ನ್ ಮಾಡಿದ ಆಲೂಗಡ್ಡೆ ಸೂಪಿಗೆ ಉಪ್ಪು ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ಪಾರ್ಕಿನ ಬೆಂಚು

ಬೆಳಿಗ್ಗೆ ನಮ್ಮವರು ಪಾರ್ಕಿಗೆ ಎಳೆದುಕೊಂಡು ಹೋದರು. ಅಲ್ಲಿ ಜನ ಬಿಸಿಲಿಗೆ ಮೈಯೊಡ್ಡಿ ಹುಲ್ಲಿನ ಮೇಲೆ ಹಪ್ಪಳದಂತೆ ಒಣಗುತ್ತಾರೆ. ನಾವು ಮರದ ನೆರಳು ಹುಡುಕಿ ಕೂತೆವು. ಇಡೀ ಪಾರ್ಕಿನಲ್ಲಿ ನೆರಳಿಗೆ ಗಿರಾಕಿ ನಾವಿಬ್ಬರೇ.

ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು. “ಮೂರ್ ವರ್ಷ ಹೆಸರು ಬಚ್ಚಿಟ್ಟು, ನಾಳೆ ಮನೇಲಿ ಕರೆಂಟ್ ಇರಲ್ಲ ಅಂತ ಡಂಗುರ ಸಾರಿದ್ಯಲ್ಲೇ!”

“ನಗಬೇಡಿ ರೀ. ಊರಿಗ್ ಹೋಗೋವಾಗ ನೀವೂ ಬೀದಿಗೆಲ್ಲ ಹೇಳಿ ಬರ್ತೀರ.”

“ಹೌದು, ಅದಕ್ಕೇ ಒಂದ್ಸಲ ಕಳ್ಳ ಬಂದಿದ್ದ. ಪ್ರೆಷರ್ ಕುಕ್ಕರ್ ಹೋಯ್ತು.” ಕಾಲು ಚಾಚಿಕೊಂಡು, “ಆದ್ರೆ ನೋಡು, ಅವನು ಬಂದಿದ್ದು ಬೀದೀಲಿ ಲೈಟಿದ್ದ ದಿನ. ಎಲ್ಲರ ಮನೆ ಬೆಳಕು, ನಮ್ಮದೊಂದು ಕತ್ತಲೆ. ಲೋಡ್ ಶೆಡ್ಡಿಂಗ್ ದಿನ ಬಂದಿದ್ರೆ ಪಾಪ, ಯಾವ ಮನೆ ಖಾಲಿ ಅಂತ ಹೆಂಗ್ ಗೊತ್ತಾಗ್ತಿತ್ತು? ಬೀದಿಗೆ ಬೀದೀನೇ ಕತ್ತಲೆ,” ಎಂದರು.

ಅವರು ಮಾತಿಗೆ ಹೇಳಿದ್ದು. ಅಷ್ಟರಲ್ಲೇ ಯಾರದೋ ನಾಯಿಯನ್ನು ನೋಡತೊಡಗಿದ್ದರು. ನಾನು ಎದ್ದು ನಿಂತೆ.

“ಎಲ್ಲಿಗೆ? ಈಗ್ ತಾನೇ ಕೂತ್ವಿ!”

“ಎಲ್ರಿಗೂ ಲೋಡ್ ಶೆಡ್ಡಿಂಗ್ ಮಾಡ್ಬೇಕು ರೀ.”

“ಜರ್ಮನಿಗಾ?” ಎಂದರು ಗಾಬರಿಯಿಂದ, ಕೆಳಮನೆ ಅಜ್ಜಿಯನ್ನು ನೆನೆಸಿಕೊಂಡಿರಬೇಕು.

ಉಳಿದವರು ಬರುವ ಮೊದಲು

ವಿಷಯ ಇಷ್ಟೇ. ಕರೆಂಟ್ ಇರುವ ಊರಿನ ರೌಟರುಗಳೂ ಆಗಾಗ ತಾವಾಗಿಯೇ ಮರೆಯಾಗಬೇಕು. ಒಂದು ದಿನ ಒಂದು ಗಳಿಗೆ, ಇನ್ನೊಂದು ದಿನ ಅರ್ಧ ದಿನ, ಯಾವಾಗ ಎಂದು ಯಾರಿಗೂ ತಿಳಿಯದಂತೆ. ಮರೆಯಾದವರೆಲ್ಲ ಅಟ್ಟಕ್ಕೆ, ಬಂದವರೆಲ್ಲ ಹಳೆಯ ಜಾಗಕ್ಕೆ. ಕರೆಂಟ್ ಬಂದವರೂ ತಕ್ಷಣ ಮುಖ ತೋರಿಸದೆ ತುಸು ತಡೆದು ಬರಬೇಕು. ಆಗ ಯಾರ ಮನೆಯಲ್ಲಿ ನಿಜವಾದ ಕತ್ತಲೆ, ಯಾರದು ಸುಮ್ಮನೆ ವಿಶ್ರಾಂತಿ ಎಂದು ನೋಡುವವನಿಗೆ ಹೇಗೆ ತಿಳಿಯಬೇಕು?

ಲ್ಯಾಂಟರ್ನ್ ಕೇಳಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಇಬ್ಬರೂ ಸೇರಿ ಬರೆದೆವು. ಸಂಜೆಗೆ ನೆಟಲ್ ಬಂದಾಗ ವಾಪಸ್ ತೆಗೆದುಕೊಳ್ಳುವುದಿಲ್ಲ, ಇನ್ನೊಂದು ದಿನ ಕೊಡಿ ಎಂದೆ. ಅವನು ಬರೆದದ್ದನ್ನು ಓದಿ, “ನಾಳೆ ನಾನು ಅಜ್ಜಿ ಮನೆಯಲ್ಲಿ ಕೂತು ನೋಡುತ್ತೇನೆ,” ಎಂದ.

ಹಾಗೇ ಮಾಡಿದೆವು. ಅವನು ಕೆಳಗಿನಿಂದ ಪರದೆಯ ಮೇಲೆ ಜಾಲವನ್ನು ಮಾತ್ರ ನೋಡಬಹುದಿತ್ತು. ಮೇಲೆ ನಾವು ಕೆಲವು ಯಂತ್ರಗಳ ಪ್ಲಗ್ಗನ್ನು ನಿಜವಾಗಿಯೂ ಕಿತ್ತೆವು, ಆಮೇಲೆ ಹಾಕಿದೆವು. ಪ್ಲಗ್ ಕೀಳುವ ಅಧಿಕಾರ ಮಿಸ್ಟರ್ ರೀ ಅವರದು, ಬೆಂಗಳೂರಿನ ಕರೆಂಟಿನ ಹಾಗೆಯೇ ಮನಸ್ಸು ಬಂದಾಗ. ಉಳಿದವು ತಾವಾಗಿ ಮರೆಯಾಗುತ್ತ, ಬರುತ್ತ ಇದ್ದವು. ನಾನು ಅಡುಗೆಮನೆಯಲ್ಲಿ ಇದ್ದ ಪಾತ್ರೆಯನ್ನೆಲ್ಲ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಲ್ಯಾಂಟರ್ನ್ ಒರೆಸಿ ಒರೆಸಿ ಇಟ್ಟಳು.

ಸಂಜೆ ನೆಟಲ್ ಮೆಟ್ಟಿಲು ಹತ್ತಿ ಬಂದ. ಯಾವ ಯಂತ್ರಗಳಿಗೆ ನಿಜಕ್ಕೂ ಕರೆಂಟ್ ಹೋಗಿತ್ತು ಎಂದು ಬೆರಳು ಮಾಡಿ ತೋರಿಸಬೇಕು. ಹಜಾರದಲ್ಲಿ ನಿಂತು, ಬಹಳ ಹೊತ್ತು ನೋಡಿ, ಕಿಟಕಿಯ ಬಳಿಯ ಮೂರನ್ನು ತೋರಿಸಿದ.

“ನೋ, ನೋ!” ಎಂದರು ನಮ್ಮವರು. “ಅದನ್ನ ನಾನು ಮುಟ್ಟೇ ಇಲ್ಲ!”

ಇನ್ನೆರಡನ್ನು ತೋರಿಸಿದ. ಒಂದು ಸರಿ, ಇನ್ನೊಂದು ತಪ್ಪು. ಸರಿಯಾದದ್ದು ಹೇಗೆ ತಿಳಿಯಿತೆಂದು ಕೇಳಿದೆವು. “ಸುಮ್ಮನೆ ಹೇಳಿದೆ,” ಎಂದ. ಕನ್ನಡಕ ತೆಗೆದ. “ಗೊತ್ತಾಗುತ್ತಿಲ್ಲ. ನನಗೆ ಗೊತ್ತಾಗುತ್ತಿಲ್ಲ, ಟ್ಯೂಸ್‌ಡೇ.” ಅವನು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಹಲ್ಲಿನ ನಡುವೆ ಸಂದಿಯಿದೆ, ಸಣ್ಣ ಹುಡುಗನ ಹಾಗೆ ಕಾಣುತ್ತಾನೆ.

ಹೊಸ ಆವೃತ್ತಿಗೆ ತಿದ್ದುಪಡಿ ಸೇರಿಸಲು ಅವನೇ ಒಪ್ಪಿಗೆ ಬರೆದ. ಎರಡು ದಿನದಿಂದ ಎದೆಯ ಮೇಲೆ ಯಾರೋ ಕೂತಂತಿತ್ತು, ಎದ್ದು ಹೋದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಅಲ್ಲೇ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಉಸಿರು ಬಿಟ್ಟೆ. ಹೊಸ ಸಾಫ್ಟ್‌ವೇರ್ ಶುರುಮಾಡುವ ಮೊದಲು ನನ್ನ ರೌಟರಿನ ಹಳೆಯ ಗುರುತನ್ನು ಅಳಿಸಿ ಬೇರೆಯದು ಮಾಡಿಕೊಳ್ಳಬೇಕೆಂದು ನೆಟಲ್ ಹೇಳಿದ. ಟ್ಯೂಸ್‌ಡೇ ಎಂಬ ಹೆಸರೂ ಬಿಡಬೇಕಂತೆ. ಮುಂದಿನದು ಏನೆಂದು ಇಲ್ಲಿ ಬರೆಯುವುದಿಲ್ಲ.

ಆ ಸಂಜೆಯೇ ಲ್ಯಾಂಟರ್ನ್ ತನ್ನ ಸ್ವಂತ ಕಂಪ್ಯೂಟರಿಗೆ ಹೊಸದನ್ನು ಹಾಕಿದಳು. ಹಾಕಿ ಸ್ವಲ್ಪ ಹೊತ್ತಿಗೇ ಅದರ ರೌಟರ್ ತಾನಾಗಿ ವಿಶ್ರಾಂತಿಗೆ ಹೋಯಿತು. ಅವಳು ಕೀಲಿಗಳನ್ನು ಒತ್ತಿದಳು, ಕೈ ಹಿಂದಕ್ಕೆ ತೆಗೆದಳು, ಎದ್ದಳು, ಮತ್ತೆ ಕೂತಳು.

“ಈಗ ಏನು ಮಾಡುವುದು?”

“ಏನೂ ಮಾಡೋದಿಲ್ಲಮ್ಮ. ಬರೋ ತನಕ ಕೂತ್ಕೊಳ್ಳೋದು,” ಎಂದೆ. ಕನ್ನಡದಲ್ಲೇ ಹೇಳಿದೆನೆಂದು ಆಮೇಲೆ ತಿಳಿಯಿತು. ಅವಳು ಕೂತಳು.

ನಾನು ಅನ್ನ ಮಾಡಿದೆ. ಆ ದೇಶದ ಅಕ್ಕಿ ಅಂಟಂಟು, ಆದರೂ ನಿಂಬೆಹಣ್ಣು ಹಿಂಡಿ, ಮನೆಯಿಂದ ತಂದ ಕಡಲೆಬೇಳೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟಾಗ ಚಿತ್ರಾನ್ನವೇ ಆಯಿತು. ಒಗ್ಗರಣೆಯ ಘಾಟಿಗೆ ನೆಟಲ್ ಐದಾರು ಸಲ ಸೀನಿದ. ಅಜ್ಜಿ ಮೊಟ್ಟೆಯಿಲ್ಲದ ಆಲೂಗಡ್ಡೆ ಸಲಾಡ್ ತಂದರು, ಮೊಟ್ಟೆಯಿಲ್ಲ ಎಂದು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಚಕ್ಕುಲಿ ಡಬ್ಬಿ ಅಂದು ಖಾಲಿಯಾಯಿತು. ಹೊರಗೆ ಇನ್ನೂ ಬಿಸಿಲಿತ್ತು. ಊಟವಾದ ಮೇಲೂ ಯಾರೂ ಏಳಲಿಲ್ಲ. ಯಾರೂ ಕಂಪ್ಯೂಟರಿನ ಕಡೆ ತಿರುಗಲೂ ಇಲ್ಲ. ನಮ್ಮವರು ಅಜ್ಜಿಗೆ ಕುಕ್ಕರಿನ ಕಳ್ಳನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು, ಅಜ್ಜಿ ಜರ್ಮನ್‌ನಲ್ಲಿ ಉತ್ತರ ಕೊಟ್ಟರು, ಇಬ್ಬರೂ ನಕ್ಕರು.

ಮೊದಲು ನಿದ್ದೆ ಹೋದದ್ದು ನೆಟಲ್, ಕೂತ ಕುರ್ಚಿಯಲ್ಲೇ, ತಟ್ಟೆಯ ಪಕ್ಕ ಕನ್ನಡಕವಿಟ್ಟು.